ಬಲೆಯ ಬಳೆಗೆ ನಾಲ್ಕು ಬೆರಳು

ಮುಗದದ ಕೆರೆಯಲ್ಲಿ ನನ್ನ ಗಾಳಕ್ಕೆ ಸಿಕ್ಕ ಮೀನೆಲ್ಲ ದಂಡೆಗೆ ಬರುವಷ್ಟರಲ್ಲಿ ಜಾರಿಹೋಗುತ್ತಿದ್ದವು. ಎತ್ತಿಕೊಳ್ಳಲು ಹಿಡಿಕೆಯ ಬಲೆ ಬೇಕೆಂದು, ಅದರ ಬಾಯಿಗೆ ಮರದ ಬಳೆ ಮಾಡಲು ನಾನೇ ಕೂತೆ. ಗಣಿತದ ಮಾಸ್ತರ ನಾನು. ಸುತ್ತಳತೆ ಲೆಕ್ಕಹಾಕಿ, ತೆಳ್ಳನೆಯ ಪಟ್ಟಿಯನ್ನು ಕೂದಲೆಳೆಯಷ್ಟೂ ಹೆಚ್ಚಿಲ್ಲದಂತೆ ಕೊಯ್ದು, ತಾರಿಹಾಳದ ಬಡಿಗ ಖಾದರ ಕಾಕಾನ ಮುಂದಿಟ್ಟೆ.

ಕಾಕಾ ಅದನ್ನು ಹಬೆಗೆ ಹಿಡಿದು ಬಾಗಿಸಿ, ತುದಿಗೆ ತುದಿ ಮುಟ್ಟಿಸಿದರು.

“ಲೆಕ್ಕ ಖರೇ ಐತ್ರಿ ಸರ. ತುದಿ ಒಂದರ ಮ್ಯಾಲೊಂದು ಕೂಡಸಾಕ ನಾಕ ಬೆರಳು ಹೆಚ್ಚಿಗಿ ಎಲ್ಲಿ ಬಿಟ್ಟೀರಿ?”

ನನ್ನ ಮುಖ ಸಣ್ಣದಾಯಿತು.

“ಇರ್ಲಿ ಬಿಡ್ರಿ, ಬಳಿ ಸ್ವಲ್ಪ ಸಣ್ಣದಾಗತೈತಿ. ಮೀನಿಗೇನು ಗೊತ್ತಾಗತೈತಿ?” ಎಂದು ತುದಿಗಳನ್ನು ಕೂಡಿಸಿ ದಾರ ಬಿಗಿದರು.

ಮುಂದಿನ ಭಾನುವಾರವೇ ಅದರಲ್ಲಿ ಮೊದಲ ಮೀನು ಕೂತಿತು. ಈಗ ಸಾಲೆಯಲ್ಲಿ ಸುತ್ತಳತೆ ಕಲಿಸುವಾಗ ಆ ನಾಲ್ಕು ಬೆರಳನ್ನೂ ಹೇಳಿಕೊಡುತ್ತೇನೆ. ಪರೀಕ್ಷೆಯಲ್ಲಿ ಅದನ್ನು ಕೂಡಿಸಿ ಬರೆದವರಿಗೆ ಅಂಕ ಮಾತ್ರ ಕೊಡುವುದಿಲ್ಲ.