ಸದ್ದು ನುಂಗುವ ಕೊಳವೆ

ಅಕ್ಕನಿಗೆ ಹೆರಿಗೆಯಾದ ಮೇಲೆ ಧನುರ್ವಾಯು ಹಿಡಿಯಿತು. ಹಾಸನದಿಂದ ಬಂದ ಡಾಕ್ಟರು ಸೂಜಿ ಚುಚ್ಚಿ, "ಒಂದು ಲೋಟ ಬಿದ್ದ ಸದ್ದೂ ಕೇಳಿಸಬಾರದು. ಕೇಳಿಸಿದರೆ ಮೈ ಸೆಟೆದು ಉಸಿರು ಕಟ್ಟುತ್ತೆ" ಎಂದು ಹೇಳಿ ಹೋದರು. ಹೇಳುವವರಿಗೇನು! ಅರಕಲಗೂಡಿನ ಹತ್ತಿರದ ನಮ್ಮೂರಲ್ಲಿ ಸದ್ದಿಲ್ಲದ ಗಳಿಗೆ ಯಾವುದಿತ್ತು? ಅಳುವ ಕೂಸನ್ನೇ ಚಿಕ್ಕಮ್ಮನ ಮನೆಗೆ ಸಾಗಿಸಿದೆವು. ಎತ್ತಿನ ಕೊರಳ ಗಂಟೆ ಬಿಚ್ಚಿದೆವು. ರುದ್ರಪಟ್ಟಣದಿಂದ ಬಂದು ಪಕ್ಕದಲ್ಲಿದ್ದ ಸಂಗೀತದ ಮೇಷ್ಟರು ತಂಬೂರಿಗೆ ಗವಸು ಹಾಕಿ ಪಾಠವನ್ನೇ ನಿಲ್ಲಿಸಿದರು, ಪುಣ್ಯಾತ್ಮರು.

ಉಳಿದದ್ದು ಕಾಡುಹಂದಿ. ಸಂಜೆಯಾದರೆ ಮನೆಯ ಹಿಂದಿನ ಕಬ್ಬಿಗೆ ನುಗ್ಗುತ್ತಿದ್ದವು. ಊರವರು ಡಬ್ಬ ಬಡಿದು ಓಡಿಸುತ್ತಿದ್ದರು, ಇಲ್ಲವೇ ಪಟೇಲರು ಕೋವಿ ಹಾರಿಸುತ್ತಿದ್ದರು. ಡಬ್ಬದ ಸದ್ದಿಗೆ ಅಕ್ಕನ ಬೆನ್ನು ಹಾಸಿಗೆ ಬಿಟ್ಟು ಬಿಲ್ಲಾಗಿ ಬಾಗಿದ್ದನ್ನು ಕಂಡವಳೇ ಓಡಿಹೋಗಿ ಪಟೇಲರ ಕಾಲು ಹಿಡಿದೆ.

"ಅಳಬ್ಯಾಡ ಕಣವ್ವ. ಡಬ್ಬ ನಿಲ್ಲುಸ್ತೀನಿ. ಕಾಫಿ ತ್ವಾಟದ ದೊರೆ ರೈಫಲ್ ಮಾರುವಾಗ ಸದ್ದು ನುಂಗೋ ಕೊಳವೆ ಎರಡು ಕೊಟ್ಟವ್ನೆ. ಯಾವ್ದು ಆಯ್ತದೋ ನೋಡಾನ."

ಮಾರನೆಯ ಬೆಳಿಗ್ಗೆ ಊರಾಚೆಯ ಖಾಲಿ ಕೊಟ್ಟಿಗೆಯಲ್ಲಿ ನಾನು ಬಾಗಿಲು ಹಾಕಿಕೊಂಡು ಕುಳಿತೆ. ಕಬ್ಬಿನ ಗದ್ದೆಯಷ್ಟೇ ದೂರದಲ್ಲಿ ನಿಂತು ಅವರು ಹಾರಿಸಿದರು. ಗಿಡ್ಡ ಕೊಳವೆ ಹಾಕಿದಾಗ ಬಾಗಿಲು ಧಡಾರನೆ ಬಡಿದಂತಾಯಿತು. ಉದ್ದದ್ದಕ್ಕೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಷ್ಟೇ ಸದ್ದು.

"ಉದ್ದದ್ದೇ ಹಾಕಿ," ಅಂದೆ, ಅವರ ಹತ್ತಿರ ಓಡಿಬಂದು.

"ಅದು ಮೂತಿ ಭಾರ ಕಣವ್ವ, ಗುರಿ ಗೇಣು ಕೆಳಕ್ಕೋಯ್ತದೆ. ಗಾಯ ಆದ ಹಂದಿ ಮ್ಯಾಲೆ ಬಿದ್ರೆ ನೀ ಬತ್ತೀಯಾ ಬುಡಿಸ್ಕಳಕ್ಕೆ?"

"ನಮ್ಮಕ್ಕ ಸಾಯ್ತಾವ್ಳೆ, ನಿಮ್ಗೆ ಗೇಣಿನ ಲೆಕ್ಕ! ಗೇಣು ಮ್ಯಾಲಕ್ಕೆ ಗುರಿ ಇಡ್ರಿ!"

ಪಟೇಲರ ಮುಂದೆ ಹಾಗೆ ಗಂಟಲು ಹರಿದುಕೊಂಡ ಹೆಂಗಸು ನಮ್ಮೂರಲ್ಲಿ ಇನ್ನೊಬ್ಬಳಿರಲಿಲ್ಲ. "ಅಬ್ಬಬ್ಬಾ, ಬಾಯ್ ನೋಡು!" ಎಂದು ನಕ್ಕು ಅವರು ಉದ್ದದ ಕೊಳವೆಯನ್ನೇ ಕೋವಿಯ ಮೂತಿಗೆ ತಿರುಗಿಸಿ ಬಿಗಿದರು.

ಆ ಸಂಜೆ ಅಕ್ಕನ ಕೈ ಹಿಡಿದು ಕುಳಿತಿದ್ದೆ. ಗದ್ದೆ ಕಡೆಯಿಂದ ಆ ಒದ್ದೆ ಬಟ್ಟೆಯ ಸದ್ದು ಬಂತು. ಅಕ್ಕನ ರೆಪ್ಪೆಯೂ ಅಲುಗಲಿಲ್ಲ. ಅಯ್ಯೋ ದೇವರೇ, ಬದುಕಿದೆವು ಅಂದುಕೊಂಡೆ.

ನಮ್ಮ ಕಡೆ ಹಂದಿ ಬಿದ್ದರೆ ಕೂಗು ಹಾಕಬೇಕು. ಕೂಗು ಕೇಳಿ ಬಂದವರಿಗೆಲ್ಲ ಬಾಡಿನಲ್ಲಿ ಪಾಲು, ಅದು ಅಜ್ಜಂದಿರ ಕಾಲದ ಕಟ್ಟು. ಕೂಗದೆ ಹೊತ್ತುಕೊಂಡು ಹೋದವನನ್ನು ಕಳ್ಳ ಎನ್ನುತ್ತಾರೆ. ಅಂದು ಬದುವಿನ ಮೇಲಿದ್ದವರೆಲ್ಲ ಒಟ್ಟಿಗೆ "ಬಿತ್ತೋ! ಬಿತ್ತೋ!" ಎಂದು ಕೂಗಿದರು, ಯಾರೋ ತಮಟೆಯನ್ನೂ ಬಡಿದರು. ಕೋವಿಯ ಬಾಯಿ ಕಟ್ಟಿದ್ದ ಊರಿಗೆ ತನ್ನ ಬಾಯಿ ಕಟ್ಟಬೇಕೆಂದು ಹೊಳೆದಿರಲಿಲ್ಲ.

ಅಕ್ಕನ ಬೆರಳು ನನ್ನ ಬೆರಳನ್ನು ಹಿಂಡಿದವು. ಬೆನ್ನು ಎದ್ದಿತು. ಈ ಸಲ ಹೋದ ಉಸಿರು ತಿರುಗಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಪಟೇಲರು ರೈಫಲ್ ಹಿಡಿದೇ ಬಂದರು. ಸದ್ದಾಗಬಾರದೆಂದು ಮೆಟ್ಟನ್ನು ಬೀದಿಯಲ್ಲೇ ಬಿಟ್ಟು, ಬಾಗಿಲ ಮರೆಯಲ್ಲಿ ನಿಂತು ಪಿಸುಗುಟ್ಟಿದರು: "ಕೋವಿ ಕೇಳುಸ್ತೇನವ್ವ?"

"ಇಲ್ಲ," ಅಂದೆ.