ನನ್ನ ಹೆಂಡತಿ ಮತ್ತು ತನ್ನ ಗೆರೆ ತಾನೇ ಎಳೆದುಕೊಳ್ಳುವ ಡಿಸ್ಕು

ಹೆಂಡತಿಯ ಬಗ್ಗೆ ಬರೆಯಲು ಕೂತರೆ ಇವನು ಕೊಚ್ಚಿಕೊಳ್ಳುತ್ತಾನೆ ಅನ್ನುವವರಿದ್ದಾರೆ. ಅನ್ನಲಿ. ಕೊಚ್ಚಿಕೊಳ್ಳಲು ನನ್ನ ಹತ್ತಿರ ಬೇರೇನೂ ಇಲ್ಲ. ನಾನು ದರ್ಜಿ, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೀದಿಯ ಅರ್ಧ ಜನರ ಸೊಂಟದ ಅಳತೆ ನನಗೆ ಬಾಯಿಪಾಠ, ಆದರೆ ಅದನ್ನು ಹೊರಗೆ ಹೇಳುವ ಹಾಗಿಲ್ಲ. ಹಾಗಾಗಿ ಹೆಂಡತಿಯ ವಿಷಯವನ್ನೇ ಹೇಳುತ್ತೇನೆ.

ಅವಳಿರುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಯಾರಿಸುವ ಕಾರ್ಖಾನೆಯಲ್ಲಿ. ಹಾರ್ಡ್ ಡಿಸ್ಕ್ ಅಂದರೆ ಅಂಗೈಯಗಲದ ಲೋಹದ ಡಬ್ಬಿ. ಒಳಗೆ ಕನ್ನಡಿಯಂಥ ತಟ್ಟೆಯೊಂದು ಗಿರಗಿರ ತಿರುಗುತ್ತದೆ, ಅದರ ಮೇಲೆ ಪುಟ್ಟ ತೋಳೊಂದು ಆಚೀಚೆ ಆಡುತ್ತದೆ. ತೋಳಿನ ತುದಿಯಲ್ಲಿರುವ ಹೆಡ್ಡು ಸಾಸಿವೆಗಿಂತ ಚಿಕ್ಕದು. ನಾವು ಇಡುವ ಫೋಟೋ, ಪಾಠ, ಹಾಡು ಎಲ್ಲವನ್ನೂ ಬರೆಯುವುದು ಓದುವುದು ಅದೇ. ಆದರೆ ಬರಿದಾದ ತಟ್ಟೆಯ ಮೇಲೆ ಹೆಡ್ಡಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಅದಕ್ಕೆ ಮೊದಲೇ ತಟ್ಟೆಯ ತುಂಬ ಗುರುತಿನ ಗೆರೆಗಳನ್ನು ಹಾಕಿಡಬೇಕು. ಒಂದರ ಪಕ್ಕ ಇನ್ನೊಂದು, ಲಕ್ಷಗಟ್ಟಲೆ ಸುತ್ತುಗೆರೆಗಳು, ಒಂದೂ ಕಣ್ಣಿಗೆ ಕಾಣುವುದಿಲ್ಲ. ಈ ಗೆರೆ ಹಾಕಿಸುವ ವಿಭಾಗಕ್ಕೆ ನನ್ನ ಹೆಂಡತಿ ಮೇಲ್ವಿಚಾರಕಿ. ಅಲ್ಲಿ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ, ಅವಳಿಗಿಂತ ದೊಡ್ಡವರೂ.

ಹಳೆಯ ಪದ್ಧತಿಯಲ್ಲಿ ಈ ಕೆಲಸಕ್ಕೆ ದೊಡ್ಡ ಯಂತ್ರಗಳಿದ್ದವು. ಧೂಳಿನ ಕಣವೂ ನುಸುಳದ ಕೋಣೆ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಕಣ್ಣು ಮಾತ್ರ ಹೊರಗೆ. ಡಬ್ಬಿಯನ್ನು ಭಾರೀ ಕಲ್ಲಿನ ಪೀಠಕ್ಕೆ ಬಿಗಿದು, ಪಕ್ಕದ ಕಿಂಡಿಯಿಂದ ಒಂದು ಉಕ್ಕಿನ ಕಡ್ಡಿಯನ್ನು ಒಳಗೆ ಬಿಡುತ್ತಿದ್ದರು. ಆ ಕಡ್ಡಿ ತೋಳನ್ನು ಕೂದಲೆಳೆಗಿಂತ ಕಡಿಮೆ ದೂರ ತಳ್ಳಬೇಕು, ಹೆಡ್ಡು ಒಂದು ಸುತ್ತು ಗೆರೆ ಎಳೆಯಬೇಕು, ಮತ್ತೆ ತಳ್ಳಬೇಕು. ಎಲ್ಲ ಮುಗಿದ ಮೇಲೆ ಡಬ್ಬಿ ಎತ್ತುವ ಮುಂಚೆ ಅದರ ಮೇಲೆ ಅಂಗೈ ಇಟ್ಟು ನೋಡಬೇಕು. ಒಳಗಿನ ತಟ್ಟೆ ಇನ್ನೂ ತಿರುಗುತ್ತಿದ್ದರೆ ಕೈಗೆ ಸಣ್ಣ ಝುಂ ತಿಳಿಯುತ್ತದೆ, ಆಗ ಎತ್ತಿದರೆ ಹೆಡ್ಡು ತಟ್ಟೆಗೆ ಬಡಿದು ಮಾಲು ಕೆಟ್ಟಂತೆಯೇ. ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ನನ್ನ ಹೆಂಡತಿ ಮೊದಲು ಕಲಿಸುತ್ತಿದ್ದುದು ಈ ಅಂಗೈ ಇಡುವ ಪಾಠ. ಅವಳ ವಿಭಾಗದಲ್ಲಿ ಕೆಡುತ್ತಿದ್ದ ಮಾಲು ಇಡೀ ಕಾರ್ಖಾನೆಗೇ ಕಡಿಮೆ. ಇದನ್ನು ನಾನು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ವರ್ಷ ವರ್ಷಕ್ಕೆ ಗೆರೆಗಳು ಒತ್ತೊತ್ತಾದವು. ಒಂದೊಂದು ಡಬ್ಬಿಯೂ ಯಂತ್ರದ ಮೇಲೆ ದಿನಗಟ್ಟಲೆ ಕೂರುವ ಹಾಗಾಯಿತು. ಕೊನೆಗೆ ಕಾರ್ಖಾನೆಯವರು ಡಿಸ್ಕು ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳುವ ಹೊಸ ಪದ್ಧತಿ ತಂದರು. ಕಡ್ಡಿ ಬೇಡ, ಕಲ್ಲಿನ ಪೀಠ ಬೇಡ, ಅಷ್ಟೊಂದು ಜನವೂ ಬೇಡ. ಮುಚ್ಚಿದ ಡಬ್ಬಿಗಳನ್ನು ಸಾಮಾನ್ಯ ಕೋಣೆಯೊಂದರ ಕಪಾಟುಗಳಲ್ಲಿ ನೂರಾರು ಜೋಡಿಸಿ ವಿದ್ಯುತ್ ಕೊಟ್ಟರೆ ಆಯಿತು. ತೋಳು ಒಂದು ಅಂಚಿನ ತಡೆಗೆ ಒರಗಿ ಮೊದಲ ಗೆರೆ ಎಳೆಯುತ್ತದೆ. ಆಮೇಲೆ ಅದೇ ಗೆರೆಯನ್ನು ಓದುತ್ತಾ, ಅದರಿಂದ ತುಸು ಸರಿದು ಎರಡನೆಯದು. ಎರಡನೆಯದನ್ನು ಓದುತ್ತಾ ಮೂರನೆಯದು. ಹೀಗೇ ಆಚೆ ಅಂಚಿನವರೆಗೆ.

ಇದನ್ನು ಕೇಳಿದ್ದೇ ನನ್ನ ದರ್ಜಿ ಬುದ್ಧಿ ಚುರುಕಾಯಿತು. ಒಂದು ಅಂಗಿ ಕತ್ತರಿಸಿ, ಅದನ್ನೇ ಅಳತೆಗೆ ಇಟ್ಟು ಇನ್ನೊಂದು, ಅದನ್ನಿಟ್ಟು ಮತ್ತೊಂದು ಕತ್ತರಿಸುತ್ತಾ ಹೋದರೆ ಹತ್ತನೆಯ ಅಂಗಿ ಹಾಕಿಕೊಂಡವನ ಒಂದು ತೋಳು ಮಂಡಿಗೆ ಬರುತ್ತದೆ, ಯಾವಾಗಲೂ ಮೂಲ ಕಾಗದದ ಮಾದರಿ ಇಟ್ಟೇ ಕತ್ತರಿಸಬೇಕು ಎಂದು ಗತ್ತಿನಿಂದ ತಿಳಿಸಿದೆ. ಅವಳು ನಕ್ಕಳು. ಅದು ಇಂಜಿನಿಯರುಗಳಿಗೆ ಮೊದಲ ದಿನದಿಂದ ಗೊತ್ತಂತೆ. ಡಬ್ಬಿಯೊಳಗೆ ಕಾಗದದ ಮಾದರಿಯೇ ಇಲ್ಲ, ಇರುವುದು ಹಿಂದಿನ ಗೆರೆಯೊಂದೇ, ತೊಡಕೇ ಅದು. ಪ್ರತಿ ಗೆರೆಯ ಸೊಟ್ಟವನ್ನು ನೆನಪಿಟ್ಟುಕೊಂಡು ಮುಂದಿನದರಲ್ಲಿ ಕಳೆಯುವ ಲೆಕ್ಕವನ್ನು ಅವರ ಚಿಕ್ಕ ಇಂಜಿನಿಯರ್, ಕನ್ನಡಕದ ಹುಡುಗಿ, ಬರೆದಿದ್ದಾಳೆ ಅಂದಳು. ನಾನು ಮತ್ತೆ ಗುಂಡಿ ಹೊಲಿಯತೊಡಗಿದೆ.

ಮೊದಲ ಕಂತಿನ ಮಾಲು ತಯಾರಾಯಿತು, ಅರ್ಧಕ್ಕರ್ಧ ಕೆಟ್ಟಿತು. ಗೆರೆಗಳು ಒಂದಷ್ಟು ದೂರ ನೀಟಾಗಿ ಹೋಗಿ, ಎಲ್ಲೋ ಒಂದು ಗೆರೆಯಲ್ಲಿ ಇದ್ದಕ್ಕಿದ್ದಂತೆ ಉಬ್ಬು. ಅಲ್ಲಿಂದ ಮುಂದಿನ ಪ್ರತಿ ಗೆರೆಯೂ ಆ ಉಬ್ಬನ್ನು ನಕಲು ಮಾಡುತ್ತಾ, ಹಿಗ್ಗಿಸುತ್ತಾ ಹೋಗಿತ್ತು. ಕಪಾಟಿನ ಬಿಸಿ ಇರಬೇಕೆಂದು ಫ್ಯಾನು ಬದಲಿಸಿದರು, ಮತ್ತೆ ಅದೇ ಕಥೆ. ದೊಡ್ಡ ಮ್ಯಾನೇಜರಿಗೆ ತಲೆ ಕೆಟ್ಟಿತು. ಹುಡುಗಿಯ ಲೆಕ್ಕವೇ ಸರಿಯಿಲ್ಲ, ಈ ಪದ್ಧತಿ ಕೈಬಿಟ್ಟು ಹಳೆಯ ಯಂತ್ರಗಳನ್ನೇ ನಡೆಸೋಣ ಅನ್ನುವ ಮಾತು ಎದ್ದಿತು. ಅದನ್ನು ಕೇಳಿ ನನ್ನ ಹೆಂಡತಿಯ ವಿಭಾಗದ ಹೆಂಗಸರಿಗೆ ಹೋದ ಜೀವ ಬಂದಂತಾಯಿತು. ಹಳೆಯ ಯಂತ್ರ ಉಳಿದರೆ ತಾನೇ ಅವರು ಉಳಿಯುವುದು? ಅವರಲ್ಲಿ ಗುಂಗುರು ಕೂದಲಿನವಳೊಬ್ಬಳಿದ್ದಳು, ಎಲ್ಲರೂ ಕರೆಯುತ್ತಿದ್ದುದು ಗುಂಗುರು ಎಂದೇ. ಇಬ್ಬರು ಮಕ್ಕಳು, ಮನೆಗೆಲ್ಲ ಅವಳ ದುಡಿಮೆಯೊಂದೇ ಆಧಾರ. ಅವಳಂತೂ ಊಟದ ಕೋಣೆಯಲ್ಲಿ ಕುಣಿದೇಬಿಟ್ಟಳಂತೆ.

ಹುಡುಗಿ ಮಾತ್ರ ಸೋಲಲಿಲ್ಲ. ಕೆಟ್ಟ ಡಬ್ಬಿಗಳು ಕಪಾಟಿನ ಯಾವ ಯಾವ ಜಾಗದಲ್ಲಿದ್ದವು ಎಂದು ಗೋಡೆಯ ಮೇಲೆ ಕಪಾಟಿನಷ್ಟೇ ಎತ್ತರಕ್ಕೆ ಕೆಂಪು ಚುಕ್ಕಿ ಇಟ್ಟು ಚಿತ್ರ ಬರೆದಳು. ಎಲ್ಲ ಕೆಂಪೂ ನಡುವಿನ ಸಾಲುಗಳಲ್ಲಿ. ಮೇಲಿನ ಸಾಲು, ಕೆಳಗಿನ ಸಾಲು ಸ್ವಚ್ಛ. ಬಿಸಿಯಾಗಿದ್ದರೆ ಮೇಲಿನವೇ ಮೊದಲು ಕೆಡಬೇಕಿತ್ತಲ್ಲ ಎಂದು ಅವಳು ತಲೆ ಕೆರೆದುಕೊಳ್ಳುತ್ತಿದ್ದಳು. ನನ್ನ ಹೆಂಡತಿ ಆ ಚಿತ್ರದ ಮುಂದೆ ನಿಂತಳು. ಕೆಂಪು ಚುಕ್ಕಿಗಳ ಪಟ್ಟಿ ಸರಿಯಾಗಿ ಅವಳ ಎದೆಯ ಮಟ್ಟಕ್ಕಿತ್ತು.

ಪ್ರಯೋಗ ಮುಗಿಯುವ ತನಕ ಕಪಾಟುಗಳ ಉಸ್ತುವಾರಿಗೆ ಹಾಕಿದ್ದುದು ಅವಳ ವಿಭಾಗದವರನ್ನೇ. ಹಾದು ಹೋಗುವಾಗೆಲ್ಲ ಅವರು ಕೈಗೆಟುಕುವ ಡಬ್ಬಿಯ ಮೇಲೆ ಅಂಗೈ ಇಟ್ಟು, ಒಳಗೆ ತಿರುಗುತ್ತಿದೆಯಾ ಎಂದು ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ, ಕೈಯೇ ಹೋಗುತ್ತಿತ್ತು. ಕಲ್ಲಿನ ಪೀಠದ ಮೇಲೆ, ಗೆರೆ ಮುಗಿದ ಮೇಲೆ ಇಡುತ್ತಿದ್ದ ಕೈ ಯಾವ ಕೇಡನ್ನೂ ಮಾಡುತ್ತಿರಲಿಲ್ಲ. ಇಲ್ಲಿ ಗೆರೆ ಎಳೆಯುತ್ತಿರುವಾಗಲೇ ಬಿದ್ದ ಕೈ ಡಬ್ಬಿಯನ್ನು ಅಲುಗಿಸುತ್ತಿತ್ತು, ಆ ಒಂದು ಅಲುಗು ಮುಂದಿನ ಗೆರೆಗಳಿಗೆಲ್ಲ ಅಂಟುತ್ತಿತ್ತು. ಅಷ್ಟು ದೊಡ್ಡ ಅಲುಗನ್ನು ಕಳೆಯುವ ಶಕ್ತಿ ಹುಡುಗಿಯ ಲೆಕ್ಕಕ್ಕಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಆ ಸಂಜೆ ನನ್ನ ಹೆಂಡತಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ನಾಳೆ ಮೀಟಿಂಗು, ಹೊಸ ಪದ್ಧತಿ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅಲ್ಲೇ. ಸುಮ್ಮನಿದ್ದರೆ ಹಳೆಯ ಯಂತ್ರಗಳು ಉಳಿಯುತ್ತವೆ, ಅವಳ ಜನ ಉಳಿಯುತ್ತಾರೆ. ಬಾಯಿ ಬಿಟ್ಟರೆ ತನ್ನ ವಿಭಾಗವನ್ನು ತಾನೇ ಮುಚ್ಚಿಸಿದ ಹಾಗೆ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ, ಅದನ್ನು ಅವಳಿಗೂ ಹೇಳಿದೆ.

"ಆ ಹುಡುಗಿ ಬರೆದಿದ್ದು ಸರಿಯಾಗಿದೆ ರೀ," ಅಂದಳು. "ತಪ್ಪು ನಾನು ಕಲಿಸಿದ ಕೈಯದ್ದು. ಅದನ್ನ ಅವಳ ತಲೆಗೆ ಕಟ್ಟಿ ನಾನು ಹೇಗೆ ಊಟ ಮಾಡ್ಲಿ?"

ಮರುದಿನ ಮೀಟಿಂಗಿನಲ್ಲಿ ಅವಳು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಪಾಟುಗಳಿಗೆ ಕೈ ಎಟುಕದಂತೆ ಅಡ್ಡಕಂಬಿ ಹಾಕಿಸಿದರು. ಮುಂದಿನ ಕಂತಿನ ಮಾಲು ಹೂವಿನ ಹಾಗೆ ಪಾಸಾಯಿತು. ಹುಡುಗಿ ಅವಳನ್ನು ತಬ್ಬಿಕೊಂಡು ಅತ್ತಳಂತೆ. ಹಳೆಯ ಯಂತ್ರಗಳನ್ನು ಬಿಚ್ಚಲು ಆದೇಶ ಬಂತು, ವಿಭಾಗದವರಿಗೆ ಸದ್ಯ ಮನೆಯಲ್ಲಿರಿ, ಜಾಗ ಇದ್ದರೆ ಕರೆಯುತ್ತೇವೆ ಅಂದರು. ಗುಂಗುರು ಹೋಗುವಾಗ ಎಲ್ಲರೆದುರಿಗೆ, ನಮ್ಮ ಹೊಟ್ಟೆ ಮೇಲೆ ಹೊಡೆದು ನೀನು ಮೇಲಕ್ಕೆ ಹೋದೆ ಅಂದಳು. ಅಂದಿನಿಂದ ನಮ್ಮ ಅಂಗಡಿಯ ಮುಂದೆ ಹಾದರೂ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದಳು.

ಹಾಗೆ ಅನ್ನಲು ಕಾರಣವಿತ್ತು. ಕಪಾಟು ಕೋಣೆಯ ಮೇಲ್ವಿಚಾರಕಿ ಹುದ್ದೆಯನ್ನು ಮ್ಯಾನೇಜರು ಅವತ್ತೇ ನನ್ನ ಹೆಂಡತಿಗೆ ಘೋಷಿಸಿದ್ದರು. ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ ಅನ್ನುವುದು ಮಾತ್ರ ಕಾರ್ಖಾನೆಯಿಂದ ಆಚೆ ಹೋಗಿರಲಿಲ್ಲ. ನನ್ನ ಜನ ಒಬ್ಬೊಬ್ಬರಾಗಿ ಒಂದೊಂದು ಕೆಲಸದಲ್ಲಿ ಕೂತ ಮೇಲೆ ನಾನು ಕೂರುತ್ತೇನೆ ಎಂದು ಮ್ಯಾನೇಜರಿಗೆ ಹೇಳಿ, ಹಳೆಯ ಯಂತ್ರಗಳ ನಟ್ಟು ಬಿಚ್ಚುವ ದಿನಗೂಲಿ ಕೆಲಸಕ್ಕೆ ಹೋಗತೊಡಗಿದಳು. ಮಿಕ್ಕ ಹೊತ್ತೆಲ್ಲ ಈ ವಿಭಾಗದ ಬಾಗಿಲು, ಆ ವಿಭಾಗದ ಬಾಗಿಲು. ಒಬ್ಬಳು ಪ್ಯಾಕಿಂಗಿಗೆ ಹೋದಳು, ಇಬ್ಬರು ಪರೀಕ್ಷಾ ಕೋಣೆಗೆ, ಹೀಗೇ. ಒಮ್ಮೆ ಕಚೇರಿಯವರು ನನಗೇ ಫೋನ್ ಮಾಡಿ, ನಿಮ್ಮ ಮನೆಯವರಿಗೆ ಸ್ವಲ್ಪ ಬುದ್ಧಿ ಹೇಳಿ ಅಂದರು. ನನ್ನ ಮಾತು ಈ ಮನೆಯಲ್ಲಿ ನಡೆಯುವುದಾಗಿದ್ದರೆ ನಾನು ಎಂದೋ ದೊಡ್ಡ ಅಂಗಡಿ ಹಾಕಿರುತ್ತಿದ್ದೆ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಎದೆ ಉಬ್ಬಿತು, ಅದನ್ನು ಯಾಕೆ ಮುಚ್ಚಿಡಲಿ?

ಎಲ್ಲರಿಗೂ ಒಂದೊಂದು ಜಾಗ ಆಗುವ ಹೊತ್ತಿಗೆ ಯಂತ್ರಗಳೆಲ್ಲ ಲಾರಿ ಏರಿದ್ದವು. ಕೊನೆಗೆ ಉಳಿದವಳು ಗುಂಗುರು. ಅವಳಿಗೂ ಕಪಾಟು ಕೋಣೆಯಿಂದ ಕರೆ ಬಂತು. ಅಂದು ಸಂಜೆ ಅವಳು ನಮ್ಮ ಅಂಗಡಿಯ ಹೊಸ್ತಿಲ ಹತ್ತಿರ ಬಂದು, ಒಳಗೂ ಬರದೆ ಹೊರಗೂ ಹೋಗದೆ ನಿಂತಳು. ನನ್ನ ಹೆಂಡತಿ ಕತ್ತರಿಸಿದ ಬಟ್ಟೆ ಮಡಿಸುತ್ತಿದ್ದಳು.

"ನಾಳೆಯಿಂದ ನಿನ್ನ ಕೋಣೆಗೇ ಹಾಕಿದ್ದಾರೆ," ಗುಂಗುರು ಬಿಗುವಾಗಿಯೇ ಅಂದಳು. "ಕೆಲಸ ಹೇಳ್ಕೊಡು. ನೀನು ಅಲ್ಲಿ ಸೇರಿ ಆಗಲೇ ಎಷ್ಟೋ ದಿನ ಆಯ್ತಲ್ಲ."

"ನಂಗೂ ಗೊತ್ತಿಲ್ಲ ಕಣೇ," ನನ್ನ ಹೆಂಡತಿ ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. "ನಾನು ಸೇರೋದೂ ನಾಳೆನೇ."

ಗುಂಗುರು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಹೆಂಡತಿಯ ಪಕ್ಕ ನೆಲದ ಮೇಲೆ ಕೂತು, ಅರ್ಧ ಉಳಿದಿದ್ದ ಬಟ್ಟೆಯ ರಾಶಿಯನ್ನು ತನ್ನ ಕಡೆ ಎಳೆದುಕೊಂಡು ಮಡಿಸತೊಡಗಿದಳು.