ನಾದಿನಿಯ ಸಂಸಾರವನ್ನು ಮ್ಯಾಚಿಗೆ ಮುಟ್ಟಿಸಿದ್ದು

ಆಗ ನನಗೆ ಐವತ್ತಮೂರು. ಇದು ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ನಾದಿನಿ, ಅವಳ ಗಂಡ, ಇಪ್ಪತ್ತೈದರ ಮಗಳು, ಮೂವರೂ ಕುಂದಾಪುರದಿಂದ ಲಂಡನ್ನಿಗೆ ಬಂದು ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದರು. ಅವರನ್ನು ರೈಲಿನಲ್ಲಿ ಲಾರ್ಡ್ಸ್ ಮೈದಾನಕ್ಕೆ, ಕ್ರಿಕೆಟ್ ಮ್ಯಾಚಿಗೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಿತ್ತು. ಮುಟ್ಟಿಸಿದೆ. ಹೇಗೆ ಮುಟ್ಟಿಸಿದೆ ಎನ್ನುವುದನ್ನು ಬರೆಯುತ್ತೇನೆ. ಒಳ್ಳೆಯವಳು ಅನ್ನಿಸಿಕೊಳ್ಳಲು ಬರೆಯುತ್ತಿಲ್ಲ.

ಮೊದಲು ಕಾಗದದ ವಿಷಯ ಹೇಳಬೇಕು. ಮದುವೆಯಾದ ಮರುವರ್ಷವೇ ನನ್ನ ಗಂಡ ಅಡುಗೆಭಟ್ಟರಾಗಿ ಲಂಡನ್ನಿಗೆ ಬಂದರು. ನಾನು ಅತ್ತೆಯ ಮನೆಯಲ್ಲಿ ಉಳಿದೆ. ನನಗೆ ಅಕ್ಷರ ಬರುತ್ತಿರಲಿಲ್ಲ. ಕಾಗದ ನನ್ನ ಹೆಸರಿಗೆ ಬರುತ್ತಿತ್ತು, ಓದುವವಳು ನಾದಿನಿ. ಎಸ್ಸೆಸ್ಸೆಲ್ಸಿ ಪಾಸಾದವಳು ಆ ಮನೆಯಲ್ಲಿ ಅವಳೊಬ್ಬಳೇ. ಮದುವೆಯಾಗಿದ್ದರೂ ಹೆಚ್ಚಾಗಿ ತವರಿನಲ್ಲೇ ಇರುತ್ತಿದ್ದಳು. ಚಾವಡಿಯಲ್ಲಿ ಅತ್ತೆ, ಮೈದುನನ ಹೆಂಡತಿ, ನೆರೆಮನೆಯ ಹೆಂಗಸರು ಎಲ್ಲ ಕುಳಿತ ಮೇಲೆಯೇ ಅವಳು ಕಾಗದ ಒಡೆಯುವುದು. ಗಂಡ ನನಗೆಂದು ಬರೆದ ಎರಡು ಮಾತು ಬಂದರೆ ಗಂಡಸಿನ ದನಿ ಮಾಡಿ ಓದುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ತಲೆ ತಗ್ಗಿಸಿ ನಗುತ್ತಿದ್ದೆ. ಬೇರೇನು ಮಾಡಲಿ?

ಅದನ್ನು ಬೇಕಾದರೆ ಮರೆಯುತ್ತಿದ್ದೆ. ಮರೆಯಲಾಗದ್ದು ಬೇರೆ. ನನ್ನ ವೀಸಾದ ಕೆಲಸವಾಗಿದೆ, ಅವಳನ್ನು ಕಳುಹಿಸಿ ಎಂದು ಗಂಡ ಬರೆದಿದ್ದರು. ಆ ಸಾಲನ್ನು ಅವಳು ಓದಲಿಲ್ಲ. ಎರಡನೇ ಸಲ ಬರೆದರು, ಓದಲಿಲ್ಲ. ಮೂರನೇ ಸಲವೂ ಓದಲಿಲ್ಲ. "ಈ ವರ್ಷ ಆತಿಲ್ಯಂಬ್ರ್" ಎಂದು, ನನ್ನನ್ನು ಕರೆಸಿಕೊಳ್ಳಲು ಆಗುವುದಿಲ್ಲ ಎಂದು ಅಣ್ಣನೇ ಬರೆದ ಹಾಗೆ ಹೇಳಿ, ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು. ನಾನು ಹೇಳಿ ಬರೆಸಿದ ಉತ್ತರದಲ್ಲಿ, ನನಗೆ ಬರಲು ಮನಸ್ಸಿಲ್ಲ, ಅಲ್ಲಿಯ ಚಳಿಗೆ ಹೆದರಿಕೆ ಎಂದು ತಾನೇ ಸೇರಿಸಿದಳು. ಹೀಗೆ ಮೂರು ವರ್ಷ ಹೋಯಿತು. ಆ ಮೂರು ವರ್ಷದಲ್ಲಿ ಅವಳು ತವರಿನಲ್ಲೇ ಎರಡು ಹೆತ್ತಳು. ಎರಡೂ ಬಾಣಂತನ ಮಾಡಿದ್ದು ನಾನು. ಹಂಡೆಗೆ ಬೆಂಕಿ ಹಾಕುವುದು, ಎಣ್ಣೆ ತಿಕ್ಕುವುದು, ಬಟ್ಟೆ ಒಗೆಯುವುದು. ಕಡೆಗೆ ಊರಿಗೆ ಹೋಗುವ ಯಾರ ಹತ್ತಿರವೋ ಗಂಡ ಬಾಯಿಯಲ್ಲಿ ಹೇಳಿ ಕಳುಹಿಸಿದರು. ಆಗ ನಾನು ಹೊರಟೆ.

ಲಂಡನ್ನಿಗೆ ಬಂದ ವಾರದಲ್ಲೇ ಗಂಡ ಕೇಳಿದರು, "ಅಷ್ಟ್ ಸಲ ಬರ್ದ್ರೂ ಎಂತಕೆ ಬರ್ಲಿಲ್ಲ?" ಅವತ್ತು ಗೊತ್ತಾಯಿತು. "ಬಿಡ್, ನನ್ನ ತಂಗಿ ಅಲ್ದಾ" ಎಂದರು. ಅವರು ಬಿಟ್ಟರು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಮೂರು ವರ್ಷ ಎಂದರೆ ಮೂರು ವರ್ಷ.

ನಲವತ್ತು ದಾಟಿದ ಮೇಲೆ ನಾನು ಅಕ್ಷರ ಕಲಿತೆ. ಧಾರವಾಡದ ಕಡೆಯ ಡಾಕ್ಟರರ ಹೆಂಡತಿಯೊಬ್ಬರು ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಆ ಮಕ್ಕಳ ಹಿಂದೆ ಕುಳಿತು ಕಲಿತೆ. ಕನ್ನಡ ಮಾತ್ರ, ಇಂಗ್ಲಿಷ್ ಇಲ್ಲ. ಅಷ್ಟು ಬಂದ ಮೇಲೆ ಪೆಟ್ಟಿಗೆಯಿಂದ ಆ ಮೂರು ಕಾಗದ ತೆಗೆದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೂರರಲ್ಲೂ ಆ ಸಾಲು ಇತ್ತು. ನಾದಿನಿಯ ಬಾಯಿಂದ ಅದನ್ನು ಹೇಳಿಸಬೇಕು ಎಂದು ಅವತ್ತು ಮನಸ್ಸಿನಲ್ಲಿ ಗಟ್ಟಿ ಮಾಡಿದೆ. ಅವಳ ಗಂಡನ ಎದುರು ಹೇಳಿಸಬೇಕು. ನನಗೆ ಅಷ್ಟೇ ಬೇಕಾಗಿದ್ದದ್ದು.

ಇನ್ನು ಮ್ಯಾಚು. ನನ್ನ ಗಂಡ ಕೆಲಸ ಮಾಡುವ ಹೋಟೆಲಿಗೆ ಬರುವವರೊಬ್ಬರು ಮೂರು ಟಿಕೆಟು ಕೊಟ್ಟಿದ್ದರು. ಭಾರತದ ಟೀಮು ಆಡುವುದಿತ್ತು. ನಾದಿನಿಯ ಗಂಡ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಮೆದು ಮನುಷ್ಯ. ಹುಡುಗನಾಗಿದ್ದಾಗಿನಿಂದ ರೇಡಿಯೊ ಕಿವಿಗೆ ಹಿಡಿದು ಕಾಮೆಂಟರಿ ಕೇಳಿದವರು. ಟಿಕೆಟು ಕೈಗೆ ಬಂದ ದಿನ ಅದನ್ನು ಮೂಸಿ ನೋಡಿದರು. "ಅಕ್ಕ, ಫಸ್ಟ್ ಬಾಲ್ ತಪ್ಪೂಕಾಗ. ಅದೊಂದ್ ಕಂಡ್ರೆ ಸಾಕ್, ಮತ್ತೆ ಮಳೆ ಬಂದ್ರೂ ಅಡ್ಡಿಲ್ಲ" ಎಂದು ಮೂರು ದಿನದಿಂದ ಹೇಳುತ್ತಿದ್ದರು. ಆಟ ಶುರುವಾಗುವುದು ಹನ್ನೊಂದಕ್ಕೆ.

ಗಂಡನಿಗೆ ಅವತ್ತು ಕೆಲಸವಿತ್ತು. ದಾರಿ ಗೊತ್ತಿದ್ದವಳು ನಾನು. ಮೈದಾನದ ಹಿಂದಿನ ಬೀದಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದೆ. ಕ್ವೀನ್ಸ್‌ಬರಿಯಲ್ಲಿ ಹತ್ತಿದರೆ ಒಂದೇ ರೈಲು, ಎಲ್ಲೂ ಬದಲಿಸುವುದು ಬೇಡ. ನಾನು ಬೋರ್ಡು ನೋಡುವುದಿಲ್ಲ, ಬಾಗಿಲು ಎಣಿಸುತ್ತೇನೆ. ಹತ್ತನೇ ಸಲ ಬಾಗಿಲು ತೆರೆದಾಗ ಇಳಿಯಬೇಕು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಒಂಬತ್ತಕ್ಕೆ ಹೊರಡೋಣ ಎಂದಿದ್ದೆ. ನಾದಿನಿ ಸೀರೆ ಉಟ್ಟು, ಮೊಸರನ್ನ ಕಲಸಿ, ಡಬ್ಬಿಗೆ ತುಂಬಿ ಹೊರಬೀಳುವಾಗ ಹತ್ತಕ್ಕೆ ಹತ್ತು ನಿಮಿಷ. ಆದರೂ ಬೇಕಾದಷ್ಟು ಹೊತ್ತಿತ್ತು. ಮ್ಯಾಚಿನ ಟಿಕೆಟುಗಳು ನನ್ನ ಬ್ಯಾಗಿನಲ್ಲಿದ್ದವು. ಅವರು ಎಲ್ಲಾದರೂ ಬೀಳಿಸಿಯಾರೆಂದು ಗಂಡ ನನ್ನ ಕೈಗೇ ಕೊಟ್ಟಿದ್ದರು.

ರೈಲಿನಲ್ಲಿ ಕುಳಿತ ಮೇಲೆ ನಾದಿನಿ ಶುರು ಮಾಡಿದಳು. "ಅತ್ತಿಗೆ, ನಿಮ್ಗೆ ಬೋರ್ಡ್ ಓದುಕೆ ಬತ್ತಿಲ್ಲ ಅಲ್ದಾ? ನಮ್ಮನ್ನ ಎಲ್ಲಿಗಾರೂ ಕರ್ಕಂಡ್ ಹೋಯಿ ಬಿಟ್ರೆ ಎಂತ ಮಾಡೂದ್?"

"ಸುಮ್ನಿರ್ ಮಾರಾಯ್ತಿ" ಎಂದರು ಅವಳ ಗಂಡ. "ಅಕ್ಕ ದಿನಾ ಹೋಪವ್ರ್."

"ಬಾಗ್ಲ್ ಎಣಿಸ್ಕಂಡ್ ಹೋಪುದಂಬ್ರ್! ಕೋಳಿಮೊಟ್ಟೆ ಎಣಿಸ್ದಂಗೆ!" ಅವಳು ಮಗಳ ತೊಡೆಗೆ ಹೊಡೆದು ನಕ್ಕಳು. "ನಿಂಗೊತ್ತಿತಾ? ಆಗ ಊರಲ್ಲ್ ಕಾಗ್ದ ಬಂದ್ರೆ ನಿನ್ನ ಅತ್ತೆ ಅದನ್ನ ಉಲ್ಟಾ ಹಿಡ್ಕಂಡ್ ಕೂಕಂತಿದ್ರ್. ಕೋಣೆಯೊಳ್ಗ್ ಹೋಯಿ ಗುಟ್ಟಲ್ಲಿ. ನಾನ್ ಕಿಟಕಿಯಿಂದ ಕಂಡಿದೆ."

ಮಗಳು ನಗಲಿಲ್ಲ. ನಾನು ಕಾಗದವನ್ನು ತಲೆಕೆಳಗೆ ಹಿಡಿದಿದ್ದೆನೋ ನೆಟ್ಟಗೆ ಹಿಡಿದಿದ್ದೆನೋ ನನಗೆ ಗೊತ್ತಿಲ್ಲ. ಹಿಡಿದುಕೊಂಡಿದ್ದೆ ಎನ್ನುವುದು ನಿಜ.

ಎರಡನೇ ಸಲ ಬಾಗಿಲು ತೆರೆಯಿತು, ವೆಂಬ್ಲಿ ಪಾರ್ಕ್. ಮೈಕಿನಲ್ಲಿ ಯಾರೋ ಗಂಟಲಲ್ಲೇ ಏನೋ ಹೇಳುತ್ತಿದ್ದ, ಮಗಳಿಗೂ ಅರ್ಥವಾಗಲಿಲ್ಲ. "ಎಂತ ಹೇಳ್ತ ಅವ?" ಎಂದಳು ನಾದಿನಿ.

ನಾನು ಎದ್ದು ನಿಂತೆ. "ಈ ರೈಲ್ ಲಾರ್ಡ್ಸಿಗೆ ಹೋತಿಲ್ಯಂಬ್ರ್. ಇಲ್ಲ್ ಬದ್ಲಿಸ್ಕ್. ಇಳೀನಿ."

ಅವನು ಹೇಳುತ್ತಿದ್ದದ್ದು ಬಾಗಿಲ ಹತ್ತಿರ ನಿಲ್ಲಬೇಡಿ ಎಂದು, ನಾನು ದಿನಾ ಕೇಳುವ ಮಾತು.

ಮೂವರೂ ನನ್ನ ಹಿಂದೆ ಇಳಿದರು. ಮೆಟ್ಟಿಲು ಹತ್ತಿಸಿ, ಸೇತುವೆ ದಾಟಿಸಿ, ಆಚೆಯ ಪ್ಲಾಟ್‌ಫಾರ್ಮಿಗೆ ಕರೆದೊಯ್ದೆ. ಅಲ್ಲಿಂದ ಅಕ್ಸ್‌ಬ್ರಿಡ್ಜ್ ಕಡೆ ಹೋಗುವ ರೈಲು ಬರುತ್ತದೆ, ಅದು ಮೈದಾನಕ್ಕೆ ಪೂರ್ತಿ ಉಲ್ಟಾ ದಿಕ್ಕು. ಮೊದಲೇ ಯೋಚಿಸಿ ಇಟ್ಟದ್ದಲ್ಲ. ಕಾಲು ಆ ಕಡೆ ಹೋಯಿತು, ನಾನು ತಡೆಯಲಿಲ್ಲ.

ರೈಲು ಬಯಲಿನಲ್ಲಿ ಓಡುತ್ತಿತ್ತು. ಎರಡೂ ಕಡೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ. ನಾದಿನಿಯ ಗಂಡ ಟೋಪಿ ತೆಗೆದು ಹಾಕಿ ಮಾಡುತ್ತ, ಯಾರು ಟಾಸ್ ಗೆಲ್ಲಬಹುದು ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದರು. ಹ್ಯಾರೋ ದಾಟಿದ ಮೇಲೆ ಮಗಳು ಬಾಗಿಲ ಮೇಲಿನ ನಕ್ಷೆಯ ಹತ್ತಿರ ಹೋಗಿ ನಿಂತಳು. ತಿರುಗಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆ, ಇದ್ ಪೇಟೆ ಬಿಟ್ಟ್ ಹೊರ್ಗ್ ಹೋಪು ರೈಲ್."

"ನಂಗೊತ್ತ್."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಪ್ಪನಿಗೆ ಹೇಳಿದಳು. ಗಲಾಟೆ ಎದ್ದಿತು. ನಾನು ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಹೇಳಿದೆ, "ಕಡೆ ಸ್ಟೇಷನ್ ಬರ್ಲಿ. ನಡೂಕೆ ಇಳ್ಯೂದಾದ್ರೆ ನೀವ್ ಇಳೀನಿ, ಟಿಕೆಟ್ ನನ್ನ ಹತ್ರ ಇತ್ತ್." ಯಾರೂ ಇಳಿಯಲಿಲ್ಲ.

ಅಕ್ಸ್‌ಬ್ರಿಡ್ಜ್ ಮುಟ್ಟುವಾಗ ಹತ್ತೂ ಮುಕ್ಕಾಲಕ್ಕೆ ಐದು ನಿಮಿಷ. ರೈಲು ಅಲ್ಲಿಗೆ ಮುಗಿಯುತ್ತದೆ. ಇಳಿದು ಬೆಂಚಿನ ಮೇಲೆ ಕುಳಿತೆ.

"ಏಳಿನಿ ಅತ್ತಿಗೆ, ಇದೇ ರೈಲ್ ವಾಪಾಸ್ ಹೋತ್ತಂಬ್ರ್" ಎಂದು ನಾದಿನಿ ನನ್ನ ತೋಳು ಎಳೆದಳು.

"ನಿನ್ನ ಅಣ್ಣ ಬರ್ದ ಕಾಗ್ದದಲ್ಲ್ ಎಂತ ಇತ್ತ್? ಅದನ್ನ ಹೇಳ್. ಗಂಡನೂ ಮಗಳೂ ಕೇಣ್ಲಿ. ಹೇಳ್ರೆ ಏಳ್ತೆ."

"ಯಾವ್ ಕಾಗ್ದ?"

"ನೀನ್ ಓದದ್ದ್."

ಅವಳ ಕೈ ನನ್ನ ತೋಳಿನಿಂದ ಜಾರಿತು. ಯಾವ ಕಾಗದ ಎಂದು ಅವಳು ಮತ್ತೆ ಕೇಳಲಿಲ್ಲ. ರೈಲು ಹೋಯಿತು. ಇನ್ನೊಂದು ಬಂದು ನಿಂತಿತು. ಅವಳ ಗಂಡ ಗಡಿಯಾರ ನೋಡುತ್ತಿದ್ದರು, ಅವಳನ್ನು ನೋಡುತ್ತಿದ್ದರು. "ಎಂತದೇ ಅದ್? ಹೇಳ್ಬಿಡ್ ಮಾರಾಯ್ತಿ. ಎಂತ ಆದ್ರೂ ಅಡ್ಡಿಲ್ಲ, ಹೇಳ್."

"ಅತ್ತಿಗೆಗ್ ತಲೆ ಕೆಟ್ಟಿತ್ತ್" ಎಂದಳು.

"ಹಾಂಗಾರೆ ಕೂಕೋ" ಎಂದೆ. ಆ ರೈಲೂ ಹೋಯಿತು.

ಹನ್ನೊಂದಾಯಿತು. ಸ್ಟೇಷನ್ನಿನ ಗಡಿಯಾರ ನಾವೆಲ್ಲ ನೋಡುವ ಹಾಗೆ ಎದುರಿಗೇ ಇತ್ತು. ನಾದಿನಿಯ ಗಂಡ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅಲ್ಲಿ ಮೊದಲ ಬಾಲು ಬಿದ್ದಿರಬೇಕು. ಆ ಮನುಷ್ಯ ನನಗೆ ಏನೂ ಕೆಡುಕು ಮಾಡಿದವರಲ್ಲ. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಅನ್ನಿಸಲಿಲ್ಲ. ಅವಳ ಬಾಯಿ ಯಾವಾಗ ತೆರೆಯುತ್ತದೆ ಎಂದು ಮಾತ್ರ ಕಾಯುತ್ತಿದ್ದೆ.

ತೆರೆಯಿತು. ನೆಲ ನೋಡುತ್ತ ಹೇಳಿದಳು. "ಅಣ್ಣ ಬರ್ದಿದ್ದ. ಅತ್ತಿಗೆಯ ವೀಸಾ ಆಯ್ತ್, ಕಳ್ಸಿ ಅಂದ್ ಬರ್ದಿದ್ದ. ನಾನ್ ಓದ್ಲಿಲ್ಲ."

"ಎಷ್ಟ್ ಸಲ?" ಎಂದೆ.

"ಮೂರ್ ಸಲ."

"ಎಂತಕೆ?" ಎಂದರು ಅವಳ ಗಂಡ.

"ನಂಗ್ ಆಗ ಏಳ್ ತಿಂಗ್ಳ್. ಅತ್ತಿಗೆ ಹೋದ್ರೆ ಬಾಣಂತನ ಯಾರ್ ಮಾಡೂದ್? ಅಮ್ಮಂಗ್ ಸೊಂಟ ನೋವು. ಅಮ್ಮನೇ ಕಣ್ಣ್ ಸನ್ನೆ ಮಾಡ್ದ್ರ್, ಓದ್ಬೇಡ ಅಂದ್."

"ಅತ್ತೆಗೆ ಓದುಕೆ ಬತ್ತಿರ್ಲಿಲ್ಲ. ಅದ್ರಲ್ಲ್ ಎಂತ ಇತ್ತ್ ಅಂದ್ ಅವ್ರಿಗ್ ಹ್ಯಾಂಗ್ ಗೊತ್ತಾಯ್ತ್?" ಎಂದೆ. " ನೀನ್ ಮೊದ್ಲೇ ಒಡ್ದ್ ಓದಿ ಹೇಳಿದ್ದಿ."

ಇದು ನನಗೂ ಆ ಬೆಂಚಿನ ಮೇಲೆಯೇ ಹೊಳೆದದ್ದು. ಚಾವಡಿಯಲ್ಲಿ ಎಲ್ಲರೆದುರು ಒಡೆದ ಕಾಗದ ಆಗಲೇ ಒಡೆದು, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ ಕಾಗದ.

ಮಗಳು ಕೇಳಿದಳು, "ಅಮ್ಮ, ಆ ಏಳ್ ತಿಂಗ್ಳ್ ನಾನಾ?"

ನಾದಿನಿ ಮೊಸರನ್ನದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಗಂಡ ಎದ್ದು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಹೋಗಿ, ತಿರುಗಿ ಬಂದರು. "ನನ್ನ ಹತ್ರವೂ ಹೇಳ್ಲಿಲ್ಯಲ್ಲೇ" ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಊರಲ್ಲ್ ಯಾರ ಹತ್ರವೂ ಹೇಳ್ಬೇಡಿ ಅತ್ತಿಗೆ" ಎಂದಳು ನಾದಿನಿ. ದನಿ ಸಣ್ಣಗಾಗಿತ್ತು. "ಮಗ್ಳಿಗ್ ಗಂಡ್ ನೋಡ್ತಾ ಇತ್ತ್. ಮನೆಮನೆಯಲ್ಲ್ ಮಾತಾತ್ತ್."

"ರೈಲ್ ಬಂತ್, ಹತ್ತ್" ಎಂದೆ.

ಮೈದಾನದ ಗೇಟು ಮುಟ್ಟುವಾಗ ಹನ್ನೆರಡು ದಾಟಿತ್ತು. ಒಳಗಿನಿಂದ ಜನ ಹೋ ಎಂದು ಕೂಗುವುದು ಕೇಳುತ್ತಿತ್ತು. ನಾದಿನಿಯ ಗಂಡನ ಕೈಗೆ ಟಿಕೆಟು ಇಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, "ಅಕ್ಕ, ನೀವ್ ಊಟ ಮಾಡ್ಲಿಲ್ಯಲ್ಲ" ಎಂದು ಮೊಸರನ್ನದ ಡಬ್ಬಿ ಚಾಚಿದರು. ಅದು ಅವಳು ಕಲಸಿದ ಅನ್ನ. ಬೇಡ ಎಂದೆ. ಮಗಳು ನನ್ನ ಕೈ ಹಿಡಿಯಲು ಬಂದಳು. ಎಣ್ಣೆ ತಿಕ್ಕಿ ನೀರು ಹಾಕಿ ಬೆಳೆಸಿದ ಮೈ ಅದು, ಅವಳ ತಪ್ಪು ಏನೂ ಇಲ್ಲ. ಆದರೂ ನಾನು ಕೈ ಕೊಡಲಿಲ್ಲ. "ವಾಪಾಸ್ ಬಪ್ಪತಿಗೆ ನೀನೇ ಬೋರ್ಡ್ ಓದ್ಕಂಡ್ ಕರ್ಕಂಡ್ ಬಾ" ಎಂದು ಹೇಳಿ ಮನೆಗೆ ಬಂದೆ.

ಸಂಜೆ ನನ್ನ ಗಂಡ ಕೇಳಿದರು, "ಮ್ಯಾಚ್ ಹ್ಯಾಂಗಿತ್ತ್ ಭಾವ?"

"ಚೆಂದ ಇತ್ತ್. ಹೋಪತಿಗೆ ಸ್ವಲ್ಪ ತಡ ಆಯ್ತ್." ಅವರು ಅಷ್ಟೇ ಹೇಳಿ ಊಟಕ್ಕೆ ಕುಳಿತರು. ನಾದಿನಿ ನನ್ನನ್ನು ನೋಡುತ್ತಲೇ ಇದ್ದಳು. ತಾನು ಹೇಳಿಯಾಯಿತು, ಇನ್ನು ಮುಗಿಯಿತು ಎಂದು ಅವಳು ತಿಳಿದಿರಬೇಕು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಮುಗಿದ ಹಾಗೆ ಅನ್ನಿಸಲಿಲ್ಲ. ಇಬ್ಬರ ಎದುರು ಹೇಳಿದರೆ ಆಯಿತೇ? ಚಾವಡಿಯಲ್ಲಿ ನಕ್ಕವರು ಎಷ್ಟು ಜನ?

ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದು ಊರಿಗೆ ಫೋನ್ ಹಚ್ಚಿದೆ. ಅಲ್ಲಿ ಆಗ ಹನ್ನೊಂದೂವರೆ, ಹೆಂಗಸರೆಲ್ಲ ಮನೆಯಲ್ಲೇ ಇರುವ ಹೊತ್ತು. ಮೈದುನನ ಹೆಂಡತಿ ಎತ್ತಿದಳು. ನೆರೆಮನೆಯವರು ಯಾರಾದರೂ ಇದ್ದರೆ ಹತ್ತಿರ ಕರೆ ಎಂದೆ, ಕರೆದಳು. ಅಕ್ಸ್‌ಬ್ರಿಡ್ಜಿನ ಬೆಂಚಿನ ಮೇಲೆ ನಾದಿನಿ ಹೇಳಿದ್ದನ್ನು ಅವಳದೇ ಮಾತಿನಲ್ಲಿ ಹೇಳತೊಡಗಿದೆ. ಅರ್ಧಕ್ಕೆ ಬಂದಾಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ನಾದಿನಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು, ತಲೆ ಬಾಚಿರಲಿಲ್ಲ. "ಬ್ಯಾಡ ಅತ್ತಿಗೆ" ಎಂದಳು. ಆಚೆಯಿಂದ ಮೈದುನನ ಹೆಂಡತಿ, ಸರಿಯಾಗಿ ಕೇಳುತ್ತಿಲ್ಲ, ಇನ್ನೊಂದು ಸಲ ಹೇಳಿ ಎಂದಳು. ನಾನು ದನಿ ಏರಿಸಿ ಮೊದಲಿನಿಂದ ಹೇಳಿದೆ.